ಪ್ರೋಗ್ರಾಂ ಬುಕ್‌ನ ಕೊನೇ ಪುಟ

ವೆಸ್ಟರ್ನ್ ಕ್ಲಾಸಿಕಲ್ ಕಛೇರಿಗೆ ಹೋದ್ರೆ ಬಾಗಿಲಲ್ಲೇ ಒಂದು ಪುಟ್ಟ ಪುಸ್ತಕ ಕೈಗೆ ಕೊಡ್ತಾರಲ್ಲ, ಅದರ ಕೊನೇ ಪುಟದಲ್ಲಿ ನುಡಿಸೋರ ಪರಿಚಯ ಇರುತ್ತೆ. ತುಂಬಾ ವರ್ಷ ನಾನು ಅದನ್ನ ಓದ್ತಾನೇ ಇರ್ಲಿಲ್ಲ, ಯಾಕಂದ್ರೆ ಎಲ್ಲರದ್ದೂ ಒಂದೇ ಥರ ಇರ್ತಿತ್ತು. ಐದನೇ ವಯಸ್ಸಿಗೆ ವಯಲಿನ್ ಹಿಡಿದ್ರು, ಇಂಥ ಕನ್ಸರ್ವೇಟರಿಯಲ್ಲಿ, ಅಂದ್ರೆ ಸಂಗೀತ ಕಾಲೇಜಲ್ಲಿ, ಇಂಥವರ ಹತ್ರ ಕಲಿತ್ರು, ಇಂಥ ಕಾಂಪಿಟಿಶನ್ ಗೆದ್ರು, ಇಂತಿಂಥ ಹಾಲ್‌ಗಳಲ್ಲಿ ನುಡಿಸಿದಾರೆ, ಸದ್ಯಕ್ಕೆ ಮುನ್ನೂರು ವರ್ಷ ಹಳೇದೊಂದು ವಾದ್ಯ ಯಾವುದೋ ಫೌಂಡೇಶನ್ನಿಂದ ಎರವಲು ಸಿಕ್ಕಿದೆ, ಅದನ್ನೇ ನುಡಿಸ್ತಾರೆ. ಅಷ್ಟೇ. ನಾಲ್ಕು ಜನರ ನಾಲ್ಕು ಪ್ಯಾರಾಗಳನ್ನ ಅದಲುಬದಲು ಮಾಡಿ ಹಾಕಿದ್ರೂ ಗೊತ್ತಾಗಲ್ಲ.

ಈಗ ನಾನು ಮೊದಲು ತೆಗೆಯೋದೇ ಆ ಪುಟ. ಅದಕ್ಕೆ ಕಾರಣ ವಿಯೋಲಾ ನುಡಿಸೋ ಒಬ್ಬ ಗೆಳತಿ. ವಿಯೋಲಾ ಅಂದ್ರೆ ವಯಲಿನ್‌ಗಿಂತ ಸ್ವಲ್ಪ ದೊಡ್ಡದು, ದನಿ ಕೆಳಗಿನದು. ಹನ್ನೊಂದು ವರ್ಷ ಒಂದು ಸ್ಟ್ರಿಂಗ್ ಕ್ವಾರ್ಟೆಟ್‌ನಲ್ಲಿದ್ಲು, ಅಂದ್ರೆ ಎರಡು ವಯಲಿನ್, ಒಂದು ವಿಯೋಲಾ, ಇನ್ನೂ ದೊಡ್ಡದಾದ ಒಂದು ಚೆಲ್ಲೊ ಸೇರಿದ ನಾಲ್ವರ ತಂಡ. ಅವಳ ಬಗ್ಗೆ ಅಚ್ಚಾಗಿದ್ದ ಪರಿಚಯದಲ್ಲಿ ಒಂದು ಅಕ್ಷರ ಸುಳ್ಳಿಲ್ಲ, ಆದ್ರೆ ಅವಳು ಬದುಕಿದ್ದು ಮಾತ್ರ ಅಲ್ಲೆಲ್ಲೂ ಇರ್ಲಿಲ್ಲ. ಮೊದಲ ಆರು ವರ್ಷ ಮನೆ ಬಾಡಿಗೆ ಕಟ್ಟಿದ್ದು ಮಧ್ಯಾಹ್ನದ ಮೇಲೆ ಮಕ್ಕಳಿಗೆ ಪಾಠ ಹೇಳಿ, ಯಾವುದೋ ಆರ್ಕೆಸ್ಟ್ರಾದಲ್ಲಿ ಯಾರಿಗೋ ಜ್ವರ ಬಂದಾಗ ಅವರ ಕುರ್ಚಿಯಲ್ಲಿ ಕೂತು ನುಡಿಸಿ, ಸಿನಿಮಾ ಹಿನ್ನೆಲೆ ಸಂಗೀತದ ರೆಕಾರ್ಡಿಂಗ್‌ಗೆ ಹೋಗಿ. ಕ್ವಾರ್ಟೆಟ್‌ಗೆ ಅಂತ ಎತ್ತಿಟ್ಟಿದ್ದು ಬೆಳಗಿನ ಹೊತ್ತು, ಅಂದ್ರೆ ದಿನದ ಅತ್ಯಂತ ಒಳ್ಳೆ ಹೊತ್ತನ್ನ ಏನೇನೂ ದುಡ್ಡು ಹುಟ್ಟದ ಕೆಲಸಕ್ಕೆ ಕೊಟ್ಟುಬಿಟ್ಟಿದ್ಲು. ಪರಿಚಯದಲ್ಲಿ "ನಿರಂತರವಾಗಿ ಚೇಂಬರ್ ಸಂಗೀತದಲ್ಲಿ ತೊಡಗಿಕೊಂಡಿದ್ದಾರೆ" ಅಂತ ಇತ್ತು.

ಒಂದು ಸಲ ಅವರ ತಾಲೀಮಿಗೆ ಹೋಗಿ ಮೂಲೇಲಿ ಕೂತಿದ್ದೆ. ನಾಲ್ಕು ಕುರ್ಚಿ, ನಾಲ್ಕು ಸ್ಟ್ಯಾಂಡ್, ಪ್ರತಿ ಸ್ಟ್ಯಾಂಡಿನ ಅಂಚಲ್ಲಿ ಒಂದೊಂದು ಪೆನ್ಸಿಲ್. ನಿಧಾನಗತಿಯ ಒಂದು ಭಾಗದ ಮಧ್ಯೆ ಒಂದು ಕಾರ್ಡ್ ಬರುತ್ತೆ, ನಾಲ್ಕು ಜನ ನಾಲ್ಕು ಸ್ವರ ಒಟ್ಟಿಗೆ ಹಿಡಿಯೋದು, ಕೇಳೋರಿಗೆ ಮೂರು ಸೆಕೆಂಡಲ್ಲಿ ಬಂದು ಹೋಗುತ್ತೆ. ಆ ಮೂರು ಸೆಕೆಂಡಿಗೆ ಇಪ್ಪತ್ತೈದು ನಿಮಿಷ ಹಿಡೀತು. ಮೊದಲು ಚೆಲ್ಲೊ ಒಂದೇ ಷಡ್ಜ ಎಳೆದು ನಿಂತಿತು, ಅದರ ಮೇಲೆ ವಿಯೋಲಾದ ಪಂಚಮ ಕೂರಿಸಿದ್ರು, ಅದು ಸರಿಯಾಗಿ ಕೂತ್ಮೇಲೆ ಎರಡನೇ ವಯಲಿನ್‌ನ ಗಾಂಧಾರ. ಆ ಗಾಂಧಾರ ಪಿಯಾನೋದಲ್ಲಿ ಇರೋ ಜಾಗಕ್ಕಿಂತ ಕೂದಲೆಳೆಯಷ್ಟು ಕೆಳಗೆ ಬಂದ್ರೆ ಮಾತ್ರ ಮೂರೂ ಸೇರಿ ತುಂಬಿಕೊಳ್ಳುತ್ತೆ, ಆದ್ರೆ ಮೊದಲ ವಯಲಿನ್ನಿಗೆ ಅದರ ಹಿಂದಿನ ರಾಗದ ಎಳೆಯಲ್ಲಿ ಅದೇ ಸ್ವರ ಸ್ವಲ್ಪ ಮೇಲೆ ಬೇಕು. "ನಿಂದು ಮೇಲಾಯ್ತು." "ನಾನು ನಿನ್ನೆ ಇದ್ದಲ್ಲೇ ಇದೀನಿ." "ನಿನ್ನೆ ಚೆಲ್ಲೊ ಕೆಳಗಿತ್ತು." ಯಾರೂ ದನಿ ಎತ್ತರಿಸಲಿಲ್ಲ, ಯಾರೂ ನಗಲೂ ಇಲ್ಲ. ಇಪ್ಪತ್ತೈದನೇ ನಿಮಿಷಕ್ಕೆ ಒಂದು ಸಲ ಅದು ಕೂತಿತು, ಕೋಣೆಯ ಗಾಳಿಯೇ ಬದಲಾದ ಹಾಗೆ, ಯಾರೂ ನುಡಿಸದೇ ಇದ್ದ ಐದನೇ ಸ್ವರವೊಂದು ಮೇಲೆಲ್ಲೋ ಕೇಳಿಸ್ತು. ನಾಲ್ಕೂ ಜನ ಪೆನ್ಸಿಲ್ ತಗೊಂಡು ಏನೋ ಗುರುತು ಹಾಕ್ಕೊಂಡು ಮುಂದಿನ ಸಾಲಿಗೆ ಹೋದ್ರು.

ಚೇಂಬರ್ ಮ್ಯೂಸಿಕ್ ಅಂದ್ರೆ ಅಷ್ಟೇ, ಮುಂದೆ ನಿಂತು ಕೈಯಾಡಿಸಿ ನಡೆಸೋ ಕಂಡಕ್ಟರ್ ಇಲ್ಲ, ಒಬ್ಬೊಬ್ಬರ ಪಾಲಿಗೆ ಒಂದೊಂದು ಸಾಲು, ಆ ಸಾಲು ನೀವು ನುಡಿಸ್ಲಿಲ್ಲ ಅಂದ್ರೆ ಬೇರೆ ಯಾರೂ ನುಡಿಸಲ್ಲ. ಇಂಥ ಕೆಲಸ ಒಂದು ಉದ್ಯೋಗ ಹೇಗಾಯ್ತು, ಇದರಿಂದ ಹೊಟ್ಟೆ ತುಂಬಿಸ್ಕೊಳ್ಳೋಕೆ ಹೊರಟವರು ಎಂಥವರು ಅನ್ನೋದು ಆವತ್ತಿಂದ ತಲೇಲಿ ಕೂತುಬಿಡ್ತು, ಸಿಕ್ಕಿದ್ದನ್ನೆಲ್ಲಾ ಓದ್ತಾ ಹೋದೆ.

ಸಂಗೀತ ರಚನಕಾರ ಹೈಡನ್‌ನಿಂದಲೇ ಶುರು ಮಾಡ್ಬೇಕು. 1732ರಲ್ಲಿ ಆಸ್ಟ್ರಿಯಾದ ರೋರಾವ್ ಅನ್ನೋ ಹಳ್ಳೀಲಿ ಹುಟ್ಟಿದ್ದು, ಅಪ್ಪ ಗಾಡಿ ಚಕ್ರ ಮಾಡೋ ಕೆಲಸದವರು. ಹುಡುಗನ ದನಿ ಚೆನ್ನಾಗಿತ್ತು ಅಂತ ವಿಯೆನ್ನಾದ ಸೇಂಟ್ ಸ್ಟೀಫನ್ ಚರ್ಚಿನ ಗಾಯನ ಮೇಳಕ್ಕೆ ಸೇರಿಸಿದ್ರು, ದನಿ ಒಡೆದ್ಮೇಲೆ ಹೊರಗೆ ಕಳಿಸಿದ್ರು. ಆಮೇಲೆ ಅಟ್ಟದ ಮೇಲಿನ ಕೋಣೆ, ಟ್ಯೂಶನ್, ಸಿಕ್ಕಿದಲ್ಲಿ ನುಡಿಸೋದು, ಅಂದ್ರೆ ನನ್ನ ಗೆಳತಿಯ ಮೊದಲ ಆರು ವರ್ಷ ಇದ್ದ ಹಾಗೇನೇ. 1750ರ ದಶಕದಲ್ಲಿ ಫರ್ನ್‌ಬರ್ಗ್ ಅನ್ನೋ ಜಮೀನ್ದಾರರು ತಮ್ಮ ಮನೆಗೆ ಕರೆದ್ರು, ಅಲ್ಲಿ ನುಡಿಸೋಕೆ ಇದ್ದಿದ್ದು ಊರಿನ ಪಾದ್ರಿ, ಎಸ್ಟೇಟ್ ನೋಡ್ಕೊಳ್ಳೋ ಮ್ಯಾನೇಜರ್, ಆಲ್ಬ್ರೆಕ್ಟ್ಸ್‌ಬರ್ಗರ್ ಅನ್ನೋ ಚೆಲ್ಲೊ ವಾದಕ, ಮತ್ತೆ ಹೈಡನ್. ತಂಡಕ್ಕೂ ಅದಕ್ಕೆ ಅಂತ ಬರೆದ ಕೃತಿಗೂ ಕ್ವಾರ್ಟೆಟ್ ಅಂತಲೇ ಹೆಸರು, ಇವತ್ತಿಗೂ ಜಗತ್ತು ಕೇಳ್ತಿರೋ ಆ ಪ್ರಕಾರ ಅವರ ಕೈಲಿ ಶುರುವಾಗಿದ್ದೇ ಆ ಮನೇಲಿ ಅವತ್ತು ಯಾರ್ಯಾರು ಇದ್ರು ಅನ್ನೋದರ ಮೇಲೆ! 1761ರಲ್ಲಿ ಎಸ್ಟರ್‌ಹಾಜಿ ಅನ್ನೋ ಹಂಗೇರಿಯ ಶ್ರೀಮಂತ ಮನೆತನದಲ್ಲಿ ಕೆಲಸ ಸಿಕ್ತು, ಆ ಒಪ್ಪಂದದಲ್ಲಿ ಸಮವಸ್ತ್ರ ಹಾಕ್ಕೊಂಡು, ಬಿಳಿ ಕಾಲುಚೀಲ ತೊಟ್ಟು, ದಿನಾ ಯಜಮಾನರ ಕೋಣೆಯ ಹೊರಗೆ ನಿಂತು ಇವತ್ತು ಸಂಗೀತ ಬೇಕಾ ಅಂತ ಕೇಳ್ಬೇಕು ಅನ್ನೋ ಮಾತಿದೆ. ಅದು ಮನೆಯಾಳಿನ ನೌಕರಿ, ಆದ್ರೆ ಗೊತ್ತಾದ ಸಂಬಳ ಬರೋ ನೌಕರಿ.

ಕ್ವಾರ್ಟೆಟ್ ನುಡಿಸೋದನ್ನೇ ವೃತ್ತಿ ಅಂತ ಮಾಡ್ಕೊಂಡವರಲ್ಲಿ ಮೊದಲು ನೆನಪಾಗೋದು ಇಗ್ನಾಜ್ ಶುಪ್ಪನ್‌ಸಿಗ್. ವಯಲಿನ್ ವಾದಕರು, ರಚನಕಾರ ಬೀಥೋವನ್ನರ ಗೆಳೆಯ. ವಿಯೆನ್ನಾದಲ್ಲಿದ್ದ ರಷ್ಯಾದ ರಾಯಭಾರಿ ರಜುಮೊವ್ಸ್ಕಿ 1808ರಲ್ಲಿ ಇವರನ್ನ ಮುಂದಿಟ್ಟು ಖಾಯಂ ಕ್ವಾರ್ಟೆಟ್ ಒಂದನ್ನ ಸಂಬಳ ಕೊಟ್ಟು ಇಟ್ಕೊಂಡ್ರು. 1814ರ ಡಿಸೆಂಬರ್ 31ರ ರಾತ್ರಿ ರಜುಮೊವ್ಸ್ಕಿಯ ಅರಮನೆ ಬೆಂಕಿಗೆ ಸಿಕ್ತು. ಒಂದೆರಡು ವರ್ಷದಲ್ಲಿ ಕ್ವಾರ್ಟೆಟ್ಟೂ ಚದುರಿಹೋಯ್ತು, ಶುಪ್ಪನ್‌ಸಿಗ್ ರಷ್ಯಾಕ್ಕೆ ಹೋದವರು ವಾಪಸ್ ಬಂದಿದ್ದು 1823ಕ್ಕೆ. ಬಂದ್ಮೇಲೆ ಬೀಥೋವನ್ನರ ಕೊನೆಗಾಲದ ಕ್ವಾರ್ಟೆಟ್‌ಗಳನ್ನ ಮೊದಲು ಜನರ ಮುಂದೆ ಇಟ್ಟವರೂ ಅವರೇ. 1825ರ ಮಾರ್ಚಲ್ಲಿ ಅವುಗಳಲ್ಲೊಂದಾದ ಓಪಸ್ 127 (ಓಪಸ್ ಅಂದ್ರೆ ಕೃತಿಯ ನಂಬರ್) ನುಡಿಸಿದಾಗ ತಾಲೀಮು ಸಾಲದೇ ಕಛೇರಿ ಕೆಟ್ಟುಹೋಯ್ತು, ಬೀಥೋವನ್ ಅದನ್ನ ತಗೊಂಡು ಯೋಸೆಫ್ ಬೋಮ್ ಅನ್ನೋ ಇನ್ನೊಬ್ಬ ವಯಲಿನ್ ವಾದಕರಿಗೆ ಕೊಟ್ರು. ಬೋಮ್ ಆಮೇಲೆ ನೆನಪು ಮಾಡ್ಕೊಂಡಿದ್ದಾರೆ, ಕಿವಿ ಪೂರ್ತಿ ಹೋಗಿದ್ದ ಬೀಥೋವನ್ ತಾಲೀಮಲ್ಲಿ ಪಕ್ಕದಲ್ಲೇ ಕೂತು ಕಮಾನು ಓಡೋದನ್ನೇ ಕಣ್ಣಲ್ಲಿ ಹಿಂಬಾಲಿಸ್ತಿದ್ರಂತೆ, ಲಯ ಒಂದಿಷ್ಟು ಆಚೀಚೆ ಆದ್ರೂ ಕಮಾನಿನ ಓಟ ನೋಡೇ ಹಿಡೀತಿದ್ರಂತೆ. ಶುಪ್ಪನ್‌ಸಿಗ್‌ಗೆ ಆವತ್ತು ಹೇಗನ್ನಿಸಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದೀನಿ. ಕೆಟ್ಟ ಕಛೇರಿಯ ಮಾರನೇ ದಿನವೂ ವಾದ್ಯ ತೆಗೆದು ಶ್ರುತಿ ಮಾಡ್ಕೊಂಡು ಕೂರೋದೇ ಈ ಕೆಲಸದ ಮುಕ್ಕಾಲು ಪಾಲು, ಅವರೂ ಹಾಗೇ ಕೂತ್ರು, ಮುಂದಿನ ಕ್ವಾರ್ಟೆಟ್‌ಗಳಿಗೆ ಬೀಥೋವನ್ ಮತ್ತೆ ಅವರ ಹತ್ರಾನೇ ಬಂದ್ರು.

ಆದ್ರೆ ನನ್ನನ್ನ ತುಂಬಾ ಹಿಡಿದಿಟ್ಟಿದ್ದು ಅಮೇಡಿಯಸ್ ಕ್ವಾರ್ಟೆಟ್‌ನವರ ಕತೆ. ಅವರ ಪರಿಚಯದಲ್ಲೂ "1948ರಲ್ಲಿ ಲಂಡನ್ನಿನ ವಿಗ್ಮೋರ್ ಹಾಲ್‌ನಲ್ಲಿ ಪಾದಾರ್ಪಣೆ" ಅಂತ ಒಂದು ಸಾಲು ಇರುತ್ತೆ. ಅದರ ಹಿಂದಿನ ಹತ್ತು ವರ್ಷ ನೋಡಿ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನ ನುಂಗಿದಾಗ ವಿಯೆನ್ನಾದ ಯಹೂದಿ ಮನೆಗಳ ಮೂವರು ಹುಡುಗರು, ನಾರ್ಬರ್ಟ್ ಬ್ರೈನಿನ್, ಸಿಗ್ಮಂಡ್ ನಿಸ್ಸೆಲ್, ಪೀಟರ್ ಶಿಡ್ಲಾಫ್, ಬೇರೆ ಬೇರೆ ದಾರೀಲಿ ಇಂಗ್ಲೆಂಡಿಗೆ ಓಡಿಬಂದ್ರು. ಮೂವರಿಗೂ ಹದಿನೈದು ಹದಿನಾರು ವರ್ಷ. ಮೂವರೂ ವಯಲಿನ್ ನುಡಿಸೋರು, ಒಬ್ಬರಿಗೊಬ್ಬರ ಪರಿಚಯ ಇರ್ಲಿಲ್ಲ. 1940ರಲ್ಲಿ ಬ್ರಿಟಿಷ್ ಸರ್ಕಾರ ಜರ್ಮನಿ, ಆಸ್ಟ್ರಿಯಾ ಕಡೆಯಿಂದ ಬಂದ ಸಾವಿರಾರು ಜನರನ್ನ ಶತ್ರುದೇಶದವರು ಅಂತ ಹಿಡಿದು ಕ್ಯಾಂಪಿಗೆ ಹಾಕ್ತು, ಹಿಟ್ಲರನಿಂದ ತಪ್ಪಿಸ್ಕೊಂಡು ಬಂದವರನ್ನೂ ಸೇರಿಸಿ. ಪ್ರೀಸ್ ಹೀತ್ ಅನ್ನೋ ಕ್ಯಾಂಪಲ್ಲಿ ಬ್ರೈನಿನ್‌ಗೆ ಶಿಡ್ಲಾಫ್ ಸಿಕ್ಕಿದ್ರು. ಶಿಡ್ಲಾಫ್‌ರನ್ನ ಅಲ್ಲಿಂದ ಐಲ್ ಆಫ್ ಮ್ಯಾನ್ ದ್ವೀಪಕ್ಕೆ ಕಳಿಸಿದ್ರು, ಅಲ್ಲಿ ನಿಸ್ಸೆಲ್ ಸಿಕ್ಕಿದ್ರು.

ಬಿಡುಗಡೆ ಆದ್ಮೇಲೆ ಮೂವರೂ ಹೋಗಿ ಸೇರಿದ್ದು ಮ್ಯಾಕ್ಸ್ ರೋಸ್ತಾಲ್ ಅನ್ನೋ ಗುರುಗಳ ಹತ್ರ. ರೋಸ್ತಾಲ್ ಕೂಡ ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಬಂದವರು. ಈ ಹುಡುಗರ ಹತ್ರ ಒಂದು ಪೈಸೆ ತಗೊಳ್ಳದೆ ಪಾಠ ಹೇಳಿದ್ರು. ನಾನು ಓದಿದ ಎಷ್ಟೋ ಸಂಗೀತಗಾರರ ಜೀವನದಲ್ಲಿ ಇಂಥ ಒಬ್ಬರು ಬರ್ತಾರೆ, ಫೀಸು ಬಿಟ್ಟ ಗುರು, ವಾದ್ಯ ಕೊಟ್ಟ ಯಾರೋ, ಮನೇಲಿ ಜಾಗ ಕೊಟ್ಟ ಯಾರೋ, ಅವರ ಹೆಸರು ಆ ಕೊನೇ ಪುಟದಲ್ಲಿ "ಇಂಥವರ ಹತ್ರ ಕಲಿತರು" ಅನ್ನೋ ಪದಗಳೊಳಗೆ ಮುಚ್ಚಿಹೋಗಿರುತ್ತೆ. ರೋಸ್ತಾಲ್‌ರ ಇನ್ನೊಬ್ಬ ಶಿಷ್ಯೆ ಸುಜಾನ್ ರೋಜಾ ಮೂಲಕ ಮಾರ್ಟಿನ್ ಲವೆಟ್ ಅನ್ನೋ ಇಂಗ್ಲಿಷ್ ಹುಡುಗ ಚೆಲ್ಲೊ ಹಿಡ್ಕೊಂಡು ಬಂದ್ರು. ಮೂವರು ವಯಲಿನ್ ವಾದಕರಲ್ಲಿ ಒಬ್ಬರು ವಿಯೋಲಾಗೆ ಹೋಗ್ಲೇಬೇಕಿತ್ತು, ಶಿಡ್ಲಾಫ್ ಹೋದ್ರು. ಸಂಗೀತಗಾರ್ತಿ ಇಮೋಜೆನ್ ಹೋಲ್ಸ್ಟ್ ಹಣದ ಸಹಾಯ ಮಾಡಿದ್ರು, 1948ರ ಜನವರಿ 10ಕ್ಕೆ ವಿಗ್ಮೋರ್ ಹಾಲ್. ಲವೆಟ್‌ಗೆ ಅವತ್ತಿಗೆ 20 ವರ್ಷ.

ಶಿಡ್ಲಾಫ್ ವಯಲಿನ್ ಬಿಟ್ಟಿದ್ದನ್ನ ಒಂದು ವಾಕ್ಯದಲ್ಲಿ ಹೇಳ್ಬಿಟ್ಟೆ, ಅದು ಅಷ್ಟು ಸಣ್ಣ ವಿಷಯ ಅಲ್ಲ. ಮನೆ, ಊರು, ಭಾಷೆ ಎಲ್ಲಾ ಬಿಟ್ಟುಬಂದ ಹುಡುಗನ ಹತ್ರ ಉಳಿದಿದ್ದೇ ವಯಲಿನ್. ವಿಯೋಲಾ ಅಂದ್ರೆ ಹೆಚ್ಚು ದಪ್ಪದ ತಂತಿ, ಬೆರಳು ಬೆರಳಿನ ಮಧ್ಯೆ ಹೆಚ್ಚು ಅಂತರ, ಸ್ವರಲಿಪಿ ಓದೋದಕ್ಕೇ ಬೇರೆ ಕ್ಲೆಫ್ (ಯಾವ ಗೆರೆ ಯಾವ ಸ್ವರ ಅಂತ ಹೇಳೋ ಗುರುತು), ಜೊತೆಗೆ ರಾಗದ ಮುಂಚೂಣಿಯಿಂದ ಒಳಸಾಲಿಗೆ ಬರೋದು. ಒಟ್ಟಿಗೆ ಇರೋಕೆ ಅದನ್ನ ಒಪ್ಪಿಕೊಂಡ್ರು. ಆ ನಾಲ್ವರೇ, ಒಬ್ಬರೂ ಬದಲಾಗದೆ, ಸುಮಾರು ನಲವತ್ತು ವರ್ಷ ನುಡಿಸಿದ್ರು. 1987ರಲ್ಲಿ ಶಿಡ್ಲಾಫ್ ತೀರಿಕೊಂಡಾಗ ಉಳಿದ ಮೂವರು ಬೇರೆ ವಿಯೋಲಾ ವಾದಕರನ್ನ ಹುಡುಕಲಿಲ್ಲ, ಕ್ವಾರ್ಟೆಟ್ಟನ್ನ ಅಲ್ಲಿಗೇ ನಿಲ್ಲಿಸಿದ್ರು.

ಯುದ್ಧವೇ ಕೆಲಸ ಕೊಡಿಸಿದ ಇನ್ನೊಂದು ಕತೆ ಪ್ರೋ ಆರ್ಟೆ ಕ್ವಾರ್ಟೆಟ್‌ದು. 1912ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದ ತಂಡ. 1940ರ ಮೇ 10ರಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಲ್ಲಿ ಬೀಥೋವನ್ ಕ್ವಾರ್ಟೆಟ್‌ಗಳ ಸರಣಿ ನುಡಿಸೋಕೆ ಬಂದಿದ್ರು, ಅದೇ ದಿನ ಜರ್ಮನ್ ಸೈನ್ಯ ಬೆಲ್ಜಿಯಂಗೆ ನುಗ್ಗಿತು. ವಾಪಸ್ ಹೋಗೋಕೆ ಊರೇ ಉಳಿದಿರ್ಲಿಲ್ಲ. ಆ ವರ್ಷವೇ ಅಲ್ಲಿನ ವಿಶ್ವವಿದ್ಯಾಲಯ ಅವರನ್ನ ಕೆಲಸಕ್ಕೆ ಇಟ್ಕೊಳ್ತು, ಅಮೆರಿಕದ ಯೂನಿವರ್ಸಿಟಿಯೊಂದು ಹೀಗೆ ಒಂದು ಇಡೀ ಕ್ವಾರ್ಟೆಟ್ಟನ್ನ ಕ್ಯಾಂಪಸ್ಸಲ್ಲಿ ನೆಲೆ ಕೊಟ್ಟು ಇಟ್ಕೊಂಡಿದ್ದು ಅದೇ ಮೊದಲು. ಆಮೇಲೆ ಇದೇ ದಾರಿ ಆಯ್ತು. ಬುಡಾಪೆಸ್ಟಿನ ಲಿಸ್ಟ್ ಅಕಾಡೆಮಿಯ ನಾಲ್ಕು ವಿದ್ಯಾರ್ಥಿಗಳು 1975ರಲ್ಲಿ ಕಟ್ಟಿದ ತಾಕಾಚ್ ಕ್ವಾರ್ಟೆಟ್ 1980ರ ದಶಕದಲ್ಲಿ ಕೊಲರಾಡೊದ ಬೌಲ್ಡರ್ ಕ್ಯಾಂಪಸ್ಸಿಗೆ ಬಂದು ಬೇರೂರಿತು. ಮಗ್ಡೆಬರ್ಗ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಯಹೂದಿ ಕುಟುಂಬದ ಹುಡುಗ ಮೆನಾಹೆಮ್ ಪ್ರೆಸ್ಲರ್ 1939ರಲ್ಲಿ ತಪ್ಪಿಸ್ಕೊಂಡು ಹೊರಟವರು, 1955ರಲ್ಲಿ ಪಿಯಾನೋ, ವಯಲಿನ್, ಚೆಲ್ಲೊ ಸೇರಿದ ಮೂವರ ತಂಡ ಬೋ ಆರ್ ಟ್ರಿಯೋದ ಪಿಯಾನೋ ವಾದಕರಾದ್ರು, ಅದೇ ವರ್ಷ ಇಂಡಿಯಾನಾ ಯೂನಿವರ್ಸಿಟಿಯಲ್ಲಿ ಪಾಠ ಶುರು ಮಾಡಿದ್ರು. ಟ್ರಿಯೋ 2008ರಲ್ಲಿ ಮುಗೀತು, ಆದ್ರೆ ಪಾಠ ಅದಾದ್ಮೇಲೂ ನಡೀತು. 2023ರಲ್ಲಿ 99ನೇ ವಯಸ್ಸಲ್ಲಿ ತೀರಿಕೊಂಡ್ರು. ಹೈಡನ್‌ಗೆ ಎಸ್ಟರ್‌ಹಾಜಿ ಹೇಗೋ ಇವರಿಗೆಲ್ಲಾ ಯೂನಿವರ್ಸಿಟಿ ಹಾಗೆ, ಒಂದೇ ವ್ಯತ್ಯಾಸ, ಇಲ್ಲಿ ಯಜಮಾನರ ಕೋಣೆಯ ಹೊರಗೆ ನಿಲ್ಲೋ ಬದಲು ಮಕ್ಕಳಿಗೆ ಕಲಿಸ್ತಾರೆ. ಅದು ನನಗೆ ತುಂಬಾ ದೊಡ್ಡ ವ್ಯತ್ಯಾಸ ಅನ್ಸುತ್ತೆ.

ಯಾಕೆ ಯಾರಾದ್ರೂ ಒಬ್ಬರು ಹಿಂದೆ ನಿಂತು ಆಸರೆ ಕೊಡ್ಲೇಬೇಕು? ಇದಕ್ಕೆ ಉತ್ತರ ಕೊಟ್ಟವರು ಇಬ್ಬರು ಅರ್ಥಶಾಸ್ತ್ರಜ್ಞರು, ವಿಲಿಯಂ ಬೌಮಲ್ ಮತ್ತೆ ವಿಲಿಯಂ ಬೋವೆನ್, 1960ರ ದಶಕದಲ್ಲಿ. ಅವರ ವಾದ ಸರಳ. ಕಾರ್ಖಾನೇಲಿ ಇವತ್ತು ಒಬ್ಬ ಕೆಲಸಗಾರ ನೂರು ವರ್ಷದ ಹಿಂದಿನವನಿಗಿಂತ ಎಷ್ಟೋ ಪಟ್ಟು ಹೆಚ್ಚು ಮಾಲು ತಯಾರಿಸ್ತಾನೆ, ಹಾಗಾಗಿ ಕೂಲಿ ಏರುತ್ತೆ. ಆದ್ರೆ ಬೀಥೋವನ್ನರ ಒಂದು ಕ್ವಾರ್ಟೆಟ್ ನುಡಿಸೋಕೆ ಆಗ್ಲೂ ನಾಲ್ಕು ಜನ ಬೇಕಿತ್ತು, ಈಗ್ಲೂ ನಾಲ್ಕೇ ಜನ, ಆಗ ನಲವತ್ತು ನಿಮಿಷ ಹಿಡೀತಿತ್ತು ಅಂದ್ರೆ ಈಗ್ಲೂ ನಲವತ್ತೇ. ಬಾಡಿಗೆ, ಊಟ, ರೈಲು, ವಿಮಾನ ಎಲ್ಲಾ ಹೊರಗಿನ ಲೋಕದ ರೇಟಲ್ಲಿ ಏರ್ತಾ ಹೋಗುತ್ತೆ, ಆ ನಲವತ್ತು ನಿಮಿಷ ಮಾತ್ರ ಅಲ್ಲೇ ಇರುತ್ತೆ. ಗೆಳತಿಯ ಲೆಕ್ಕ ಇನ್ನೂ ನೇರ. ಒಂದು ಕಛೇರಿಯ ಸಂಭಾವನೆ ಅಂದ್ರೆ ಕೇಳೋಕೆ ಚೆನ್ನಾಗಿರುತ್ತೆ, ಅದರಲ್ಲಿ ಏಜೆಂಟರ ಪಾಲು ತೆಗೀರಿ, ನಾಲ್ಕು ಜನರ ಟಿಕೆಟ್ ತೆಗೀರಿ, ಚೆಲ್ಲೊಗೆ ವಿಮಾನದಲ್ಲಿ ಇನ್ನೊಂದು ಸೀಟು ತೆಗೀರಿ, ಯಾಕಂದ್ರೆ ಅದನ್ನ ಲಗೇಜಿಗೆ ಹಾಕೋಕಾಗಲ್ಲ, ಹೋಟೆಲ್ ತೆಗೀರಿ, ಉಳಿದಿದ್ದನ್ನ ನಾಲ್ಕು ಭಾಗ ಮಾಡಿ. ಆ ಕಛೇರಿಗೆ ಮಾಡಿದ ಎರಡು ತಿಂಗಳ ತಾಲೀಮಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ.

ವಾದ್ಯದ ವಿಷಯವೂ ಹೀಗೇ. ಇಟಲಿಯ ಹೆಸರಾಂತ ವಾದ್ಯ ತಯಾರಕ ಸ್ಟ್ರಾಡಿವೇರಿ ಮಾಡಿದ, ಒಂದು ಕಾಲಕ್ಕೆ ವಯಲಿನ್ ವಾದಕ ಪಗಾನಿನಿಯ ಹತ್ರ ಇದ್ದ ನಾಲ್ಕು ವಾದ್ಯಗಳ ಒಂದು ಸೆಟ್ ಇದೆ, ವಯಲಿನ್ ಎರಡು 1680 ಮತ್ತೆ 1727ರವು, ವಿಯೋಲಾ 1731ರದ್ದು, ಚೆಲ್ಲೊ 1736ರದ್ದು. ಜಪಾನಿನ ನಿಪ್ಪಾನ್ ಮ್ಯೂಸಿಕ್ ಫೌಂಡೇಶನ್ ಅದನ್ನ ಒಂದು ಕ್ವಾರ್ಟೆಟ್ಟಿಂದ ಇನ್ನೊಂದಕ್ಕೆ ಎರವಲು ಕೊಡ್ತಾ ಬಂದಿದೆ, ಟೋಕಿಯೋ ಕ್ವಾರ್ಟೆಟ್ 1995ರಿಂದ 2013ರವರೆಗೆ ನುಡಿಸಿ, ತಮ್ಮ ತಂಡ ಮುಗಿದಾಗ ವಾಪಸ್ ಕೊಟ್ರು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಲ್ಲಿ ಇನ್ನೊಂದು ಸ್ಟ್ರಾಡಿವೇರಿ ಸೆಟ್ ಇದೆ, 1940ರಿಂದ 1962ರವರೆಗೆ ಬುಡಾಪೆಸ್ಟ್ ಕ್ವಾರ್ಟೆಟ್ ಅಲ್ಲಿ ನುಡಿಸ್ತಿತ್ತು, ಆದ್ರೆ ಆ ವಾದ್ಯಗಳು ಕಟ್ಟಡ ಬಿಟ್ಟು ಹೊರಗೆ ಹೋಗೋ ಹಾಗಿರ್ಲಿಲ್ಲ. ಬೇರೆ ಊರಲ್ಲಿ ಕಛೇರಿ ಇದ್ರೆ ತಮ್ಮದೇ ವಾದ್ಯ. ಹದಿನೆಂಟು ವರ್ಷ ಕತ್ತಿನ ಕೆಳಗೆ ಇಟ್ಕೊಂಡು ನುಡಿಸಿದ ಮರವನ್ನ ಒಂದು ದಿನ ಪೆಟ್ಟಿಗೇಲಿಟ್ಟು ಕೊಟ್ಟು ಬರೋದು ಹೇಗಿರುತ್ತೋ, "ಎರವಲು ವಾದ್ಯ" ಅನ್ನೋ ಸಾಲು ಕಂಡಾಗೆಲ್ಲಾ ಇದೇ ನೆನಪಾಗುತ್ತೆ.

ಇನ್ನು ಎಂಥ ಮನೆಗಳಿಂದ ಬರ್ತಾರೆ ಅನ್ನೋದು. ಸಂಗೀತದ ಮನೆಯಿಂದ ಬಂದವರೇ ಹೆಚ್ಚು ಅನ್ನೋದು ನಿಜ. ಸಾಲ್ಜ್‌ಬರ್ಗಿನ ಹಾಗನ್ ಕ್ವಾರ್ಟೆಟ್ ಶುರುವಾಗಿದ್ದೇ ಒಡಹುಟ್ಟಿದ ನಾಲ್ವರಿಂದ, ಅಪ್ಪ ಆರ್ಕೆಸ್ಟ್ರಾದ ವಿಯೋಲಾ ವಾದಕರು. ನಾಲ್ಕೈದು ವರ್ಷಕ್ಕೇ ಕೈಗೆ ವಾದ್ಯ ಬರಬೇಕು, ಮಗು ಬೆಳೆದ ಹಾಗೆ ವಾದ್ಯದ ಅಳತೆ ಬದಲಾಯಿಸ್ತಾ ಹೋಗಬೇಕು, ವಾರವಾರ ಪಾಠ, ದಿನಾ ಪಕ್ಕದಲ್ಲಿ ಕೂತು ಸಾಧನೆ ಮಾಡಿಸೋರು ಒಬ್ಬರು ಮನೇಲಿರಬೇಕು, ಇದೆಲ್ಲಾ ಎಲ್ಲಾ ಮನೇಲೂ ಆಗೋ ಮಾತಲ್ಲ. ಆದ್ರೂ ಅಡಾಲ್ಫ್ ಬುಷ್ ಇದ್ದಾರೆ. ಜರ್ಮನಿಯ ಜೀಗನ್ ಊರಿನ ಮರಗೆಲಸದವರ ಮಗ, ಅಪ್ಪ ಪಿಟೀಲನ್ನೂ ಮಾಡ್ತಿದ್ರು, ಮಕ್ಕಳು ಚಿಕ್ಕವರಿದ್ದಾಗ್ಲೇ ಹೆಂಡದಂಗಡಿಗಳಲ್ಲಿ ಕುಣಿತಕ್ಕೆ ನುಡಿಸಿ ಮನೆಗೆ ದುಡ್ಡು ತರ್ತಿದ್ರು. ಅದೇ ಹುಡುಗ ಯುರೋಪಿನ ದೊಡ್ಡ ಕ್ವಾರ್ಟೆಟ್ ಒಂದರ ಮೊದಲ ವಯಲಿನ್ ಆದ್ರು. 1933ರಲ್ಲಿ ಯಹೂದಿಗಳ ಅಂಗಡಿ ಬಹಿಷ್ಕಾರ ಶುರುವಾದಾಗ, ತಾನು ಯಹೂದಿ ಅಲ್ಲದಿದ್ರೂ, ಜರ್ಮನಿಯಲ್ಲಿ ಇನ್ನು ನುಡಿಸಲ್ಲ ಅಂತ ಬಿಟ್ಟೇಬಿಟ್ರು. ಅಲ್ಲಿದ್ದ ಮಾರ್ಕೆಟ್ಟು, ಹೆಸರು, ಆದಾಯ ಎಲ್ಲಾ ಹೋಯ್ತು. ಆಮೇಲೆ ಅಮೆರಿಕಕ್ಕೆ ಹೋಗಿ, 1951ರಲ್ಲಿ ಅಳಿಯ ರುಡಾಲ್ಫ್ ಸರ್ಕಿನ್ ಜೊತೆ ವರ್ಮಾಂಟಿನ ಮಾರ್ಲ್‌ಬರೋದಲ್ಲಿ ಬೇಸಿಗೆಯ ಸಂಗೀತ ಶಾಲೆ ಕಟ್ಟಿದ್ರು, ಹಿರಿಯರೂ ಕಿರಿಯರೂ ಪಕ್ಕಪಕ್ಕ ಕೂತು ಒಂದೇ ಕೃತಿ ನುಡಿಸೋ ಜಾಗ. ಮುಂದೆ 1964ರಲ್ಲಿ ಗ್ವಾರ್ನೆರಿ ಕ್ವಾರ್ಟೆಟ್ ಹುಟ್ಟಿದ್ದೂ ಅಲ್ಲೇ.

ರುಡಾಲ್ಫ್ ಕೋಲಿಷ್ ಅಂತ ಇನ್ನೊಬ್ಬರು, ಚಿಕ್ಕಂದಿನಲ್ಲಿ ಎಡಗೈ ಬೆರಳಿಗೆ ಪೆಟ್ಟಾಗಿ, ವಾದ್ಯ ಬಲಗೈಗೆ ಕಮಾನು ಎಡಗೈಗೆ ಮಾಡ್ಕೊಂಡು ಮತ್ತೆ ಮೊದಲಿಂದ ಕಲಿತವರು. ಅವರ ಕ್ವಾರ್ಟೆಟ್ ಎದುರಿಗೆ ಕಾಗದ ಇಲ್ಲದೆ ಬಾಯಿಪಾಠವಾಗಿ ನುಡಿಸ್ತಿತ್ತು. 2020ರಲ್ಲಿ ತಾಕಾಚ್ ಸೇರಿದ ವಿಯೋಲಾ ವಾದಕ ರಿಚರ್ಡ್ ಓನೀಲ್ ಅವರ ತಾಯಿ ಕೊರಿಯಾ ಯುದ್ಧದಲ್ಲಿ ಅನಾಥರಾಗಿ ಅಮೆರಿಕಕ್ಕೆ ದತ್ತು ಬಂದವರು, ಓನೀಲ್‌ರನ್ನ ಸಾಕಿದ್ದು ಅಜ್ಜ ಅಜ್ಜಿ, ವಾಷಿಂಗ್ಟನ್ ರಾಜ್ಯದ ಸೀಕ್ವಿಮ್ ಅನ್ನೋ ಚಿಕ್ಕ ಊರಲ್ಲಿ.

ಹೆಂಗಸರ ದಾರಿ ಇನ್ನೂ ಕಷ್ಟದ್ದು. ರೆಬೆಕಾ ಕ್ಲಾರ್ಕ್ ಲಂಡನ್ನಿನ ರಾಯಲ್ ಕಾಲೇಜಲ್ಲಿ ಸಂಗೀತ ರಚನೆ ಕಲೀತಿದ್ರು, ಗುರುಗಳು ಸ್ಟ್ಯಾನ್‌ಫೋರ್ಡ್ ವಯಲಿನ್ ಬಿಟ್ಟು ವಿಯೋಲಾ ತಗೋ, ಆರ್ಕೆಸ್ಟ್ರಾದ ನಟ್ಟನಡುವೆ ಕೂತು ಎಲ್ಲಾ ಕೇಳಿಸ್ಕೊಳ್ಬಹುದು ಅಂದಿದ್ರು. 1910ರಲ್ಲಿ ಅಪ್ಪ ಮನೆಯಿಂದ ಹೊರಗೆ ಹಾಕಿದ್ರು, ದುಡ್ಡೂ ನಿಲ್ಲಿಸಿದ್ರು. ಆ ವಿಯೋಲಾನೇ ಅನ್ನ ಹಾಕ್ತು. 1912ರಲ್ಲಿ ಕ್ವೀನ್ಸ್ ಹಾಲ್ ಆರ್ಕೆಸ್ಟ್ರಾ ಕೆಲಸಕ್ಕೆ ತಗೊಂಡ ಮೊದಲ ಹೆಂಗಸರಲ್ಲಿ ಇವರೂ ಒಬ್ಬರು, ಆಮೇಲೆ ವರ್ಷಗಟ್ಟಲೆ ಹೆಂಗಸರೇ ಇದ್ದ ಚೇಂಬರ್ ತಂಡಗಳಲ್ಲಿ ನುಡಿಸಿ ಬದುಕಿದ್ರು. ಆ ಕಾಲದಲ್ಲಿ ಹೆಂಗಸರು ತಮ್ಮದೇ ತಂಡ ಕಟ್ಟಿಕೊಳ್ತಿದ್ದಿದ್ದು ಬರೀ ಇಷ್ಟಕ್ಕಲ್ಲ, ಇದ್ದ ತಂಡಗಳು ಬಾಗಿಲು ತೆರೀತಾ ಇರ್ಲಿಲ್ಲ.

ನಾಲ್ಕು ಜನ ಒಟ್ಟಿಗಿರೋದು ಹೇಗೆ ಅನ್ನೋದರ ಬಗ್ಗೆ ಮರ್ನಿಗನ್ ಮತ್ತೆ ಕಾನ್ಲನ್ ಅನ್ನೋ ಇಬ್ಬರು ಸಂಶೋಧಕರು ಬ್ರಿಟನ್ನಿನ 20 ಕ್ವಾರ್ಟೆಟ್‌ಗಳನ್ನ ಮಾತಾಡಿಸಿ 1991ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಎಲ್ಲರೂ ಸಮಾನ ಅಂತಾರೆ, ಆದ್ರೆ ಮೊದಲ ವಯಲಿನ್ನಿಗೇ ಹೆಚ್ಚು ರಾಗ, ಹೆಚ್ಚು ಹೆಸರು. ಎರಡನೇ ವಯಲಿನ್‌ನವರಿಗೆ ಮೊದಲಿನವರಷ್ಟೇ ಸಾಮರ್ಥ್ಯ ಬೇಕು, ಅದನ್ನ ತೋರಿಸೋ ಅವಕಾಶ ಮಾತ್ರ ಕಡಿಮೆ. ಚೆನ್ನಾಗಿ ನಡೀತಿದ್ದ ತಂಡಗಳು ಈ ಗಂಟುಗಳನ್ನ ಬಿಚ್ಚೋಕೆ ಹೋಗದೆ, ಇವೆ ಅಂತ ಒಳಗೊಳಗೇ ತಿಳ್ಕೊಂಡು, ಜಗಳ ಹೆಚ್ಚಾದಾಗ ಮಾತು ಬಿಟ್ಟು ನುಡಿಸೋಕೆ ಶುರು ಮಾಡ್ತಿದ್ವು ಅನ್ನೋದು ನನಗೆ ತುಂಬಾ ಇಷ್ಟವಾದ ಮಾತು, ಆ ತಾಲೀಮಲ್ಲಿ ನಾನು ನೋಡಿದ್ದೂ ಅದನ್ನೇ. ಅಮೆರಿಕದ ಎಮರ್ಸನ್ ಕ್ವಾರ್ಟೆಟ್ ಬೇರೆ ದಾರಿ ಹಿಡೀತು, 1976ರಿಂದ 2023ರಲ್ಲಿ ನಿವೃತ್ತಿ ಆಗೋವರೆಗೂ ಯುಜೀನ್ ಡ್ರಕರ್, ಫಿಲಿಪ್ ಸೆಟ್ಜರ್ ಇಬ್ಬರೂ ಮೊದಲ ಕುರ್ಚಿಯನ್ನ ಹಂಚಿಕೊಂಡ್ರು. ಕೂಡಿ ಬರದೇ ಇದ್ದಾಗ ಏನಾಗುತ್ತೆ ಅನ್ನೋದಕ್ಕೆ ಆಡುಬಾನ್ ಕ್ವಾರ್ಟೆಟ್ ಇದೆ. 2000ದಲ್ಲಿ ಒಬ್ಬರನ್ನ ತೆಗೆದ್ರು, ವಿಷಯ ಕೋರ್ಟಿಗೆ ಹೋಗಿ ಆರು ಲಕ್ಷ ಡಾಲರಿಗಿಂತ ಹೆಚ್ಚು ಕೊಡಬೇಕು ಅಂತ ತೀರ್ಪು ಬಂತು, ಉಳಿದವರಿಗೆ ವಾದ್ಯವೇ ಕೈತಪ್ಪಿ ಹೋಗೋ ಸ್ಥಿತಿ.

ಕುರ್ಚಿ ಖಾಲಿ ಆದಾಗ ಏನು ಮಾಡೋದು ಅನ್ನೋದಕ್ಕೆ ಒಬ್ಬೊಬ್ಬರದ್ದು ಒಂದೊಂದು ಉತ್ತರ. ಮಾಸ್ಕೋದ ಬೀಥೋವನ್ ಕ್ವಾರ್ಟೆಟ್‌ನ ಚೆಲ್ಲೊ ವಾದಕ ಸೆರ್ಗೆಯ್ ಶಿರಿನ್‌ಸ್ಕಿ 1923ರಿಂದಲೂ ಅದೇ ಕುರ್ಚೀಲಿದ್ದವರು, 1974ರಲ್ಲಿ ರಷ್ಯಾದ ರಚನಕಾರ ಶೊಸ್ತಕೋವಿಚ್‌ರ ಹದಿನೈದನೇ ಕ್ವಾರ್ಟೆಟ್ ತಯಾರಿ ನಡೀತಿದ್ದಾಗ್ಲೇ ತೀರಿಕೊಂಡ್ರು. ಎರಡನೆಯದರಿಂದ ಹದಿನಾಲ್ಕನೆಯದರವರೆಗೆ ಎಲ್ಲವನ್ನೂ ಮೊದಲು ನುಡಿಸಿದ್ದ ತಂಡಕ್ಕೆ ಕೊನೇದು ಸಿಗ್ಲಿಲ್ಲ, ಅದನ್ನ ತನೇಯೆವ್ ಕ್ವಾರ್ಟೆಟ್ ನುಡಿಸ್ತು. ವಿಯೆನ್ನಾದ ಆಲ್ಬನ್ ಬರ್ಗ್ ಕ್ವಾರ್ಟೆಟ್‌ನ ವಿಯೋಲಾ ವಾದಕ ಥಾಮಸ್ ಕಕುಸ್ಕಾ 2005ರಲ್ಲಿ ಹೋದಾಗ ಅವರ ಶಿಷ್ಯೆ ಇಸಾಬೆಲ್ ಕರಿಸಿಯುಸ್ ಆ ಜಾಗಕ್ಕೆ ಬಂದ್ರು, ಮೂರು ವರ್ಷ ನುಡಿಸಿ 2008ರಲ್ಲಿ ತಂಡ ನಿಂತಿತು. ಇನ್ನು ಕೆಲವರು ವೃತ್ತಿಯನ್ನೇ ಬಿಟ್ಟುಹೋಗ್ತಾರೆ. 1941ರ ಜನವರಿ 15ರಂದು ಜರ್ಮನ್ ಯುದ್ಧಕೈದಿಗಳ ಕ್ಯಾಂಪಲ್ಲಿ ಫ್ರಾನ್ಸಿನ ರಚನಕಾರ ಮೆಸ್ಸಿಯಾನ್‌ರ ಕ್ವಾರ್ಟೆಟ್ ಮೊದಲ ಸಲ ನುಡಿಸಿದಾಗ ವಯಲಿನ್ ಹಿಡಿದಿದ್ದ ಜಾನ್ ಲ ಬುಲೇರ್, ಯುದ್ಧ ಮುಗಿದ್ಮೇಲೆ ವಯಲಿನ್ ಬಿಟ್ಟು, ಜಾನ್ ಲಾನಿಯೇ ಅಂತ ಹೆಸರು ಬದಲಾಯಿಸ್ಕೊಂಡು ನಟರಾದ್ರು.

ನನ್ನ ಗೆಳತಿ ಹನ್ನೊಂದನೇ ವರ್ಷಕ್ಕೆ ಬಿಟ್ಲು. ದೊಡ್ಡ ಜಗಳ ಏನೂ ಇಲ್ಲ. ಒಂದು ಸಂಸ್ಥೆ ಮೂರು ವರ್ಷದ ನೆಲೆ ಕೊಡ್ತೀವಿ ಅಂತ ಮಾತು ಕೊಟ್ಟು, ಒಂದು ವರ್ಷಕ್ಕೇ ಬಜೆಟ್ ಇಲ್ಲ ಅಂತು. ಅದನ್ನ ನಂಬಿ ಅವಳೂ ಚೆಲ್ಲೊದವರೂ ಬೇರೆ ಪಾಠಗಳನ್ನೆಲ್ಲಾ ಬಿಟ್ಟಿದ್ರು. ಒಂದು ವರ್ಷ ತಡ್ಕೊಂಡ್ಲು, ಆಮೇಲೆ ಆರ್ಕೆಸ್ಟ್ರಾ ಒಂದರಲ್ಲಿ ಖಾಯಂ ಸಂಬಳದ ಕುರ್ಚಿ ಸಿಕ್ತು, ಹೋದ್ಲು. ಮನಸ್ಸಿಲ್ಲದೆ ಹೋಗಿದ್ದು, ಅದನ್ನ ಅವಳೂ ಮುಚ್ಚಿಡಲ್ಲ.

ಬಿಡೋ ಹಿಂದಿನ ರಾತ್ರಿ ನಾನು ಅವಳ ಮನೇಲಿದ್ದೆ. ಕ್ವಾರ್ಟೆಟ್‌ನ ಲೈಬ್ರರಿಗೆ ವಾಪಸ್ ಕೊಡಬೇಕಿದ್ದ ವಿಯೋಲಾ ಪಾರ್ಟ್‌ಗಳನ್ನೆಲ್ಲಾ ಟೇಬಲ್ ಮೇಲೆ ಹರಡಿದ್ಲು. ಅವಳಿಗಿಂತ ಮೊದಲು ಆ ಕುರ್ಚೀಲಿ ಇಬ್ಬರು ಕೂತಿದ್ರು, ಹಾಳೆಗಳ ಮೇಲೆ ಮೂವರ ಪೆನ್ಸಿಲ್ ಗುರುತೂ ಇತ್ತು. ಕಮಾನು ಮೇಲೆ, ಕಮಾನು ಕೆಳಗೆ, ಬೆರಳಿನ ನಂಬರ್, ಒಂದು ಕಡೆ ಕನ್ನಡಕದ ಚಿತ್ರ, ಅಂದ್ರೆ ಇಲ್ಲಿ ಕಣ್ಣೆತ್ತಿ ನೋಡು ಅಂತ. "ಮೊದಲು ಬಂದಾಗ ಈ ಗುರುತು ಯಾಕೆ ಅಂತ್ಲೇ ಗೊತ್ತಾಗಿರ್ಲಿಲ್ಲ ಕಣೇ, ಮೂರು ಸಲ ತಪ್ಪಿದ್ಮೇಲೆ ಗೊತ್ತಾಯ್ತು, ಇಲ್ಲಿ ಎರಡನೇ ವಯಲಿನ್ ಯಾವಾಗ್ಲೂ ಒಂಚೂರು ಕಾಯ್ತಾರೆ, ಅವರನ್ನ ನೋಡ್ದೆ ಹೋದ್ರೆ ನಾವು ಮುಂದೆ ಬಿದ್ದುಬಿಡ್ತೀವಿ." ನಾನು ನೋಡಿದ್ದ ಆ ಕಾರ್ಡ್ ಇರೋ ಪುಟ ತೆಗೆದು ತೋರಿಸಿದ್ಲು, ಸ್ವರದ ಮೇಲೆ ಸಣ್ಣದೊಂದು ಕೆಳಮುಖದ ಬಾಣ. ಪಕ್ಕದಲ್ಲಿ ರಬ್ಬರ್ ಇತ್ತು, ಕೊಡೋ ಮೊದಲು ನಿಂದನ್ನ ಅಳಿಸ್ತೀಯಾ ಅಂತ ಕೇಳಿದೆ. ಇಲ್ಲ, ಬರೋರಿಗೆ ಬೇಕಾಗುತ್ತೆ ಅಂದ್ಲು. ಮಾಸಿಹೋಗಿದ್ದ ಒಂದೆರಡು ಕಡೆ ಪೆನ್ಸಿಲ್ ತಗೊಂಡು ಮತ್ತೆ ತಿದ್ದಿ, ಹಾಳೆಗಳನ್ನೆಲ್ಲಾ ಜೋಡಿಸಿ ಫೋಲ್ಡರಿಗೆ ಹಾಕಿದ್ಲು.